ಹೊಳೆ ದಾರಿ ಬಿಡುವವರೆಗೆ

ಬೆಂಗಳೂರಿನಿಂದ ದಕ್ಷಿಣಕ್ಕೆ, ಕನಕಪುರದ ದಾರಿಯಲ್ಲಿ, ಗಡಿಯಾರದ ಆಳ್ವಿಕೆಯು ರೇಷ್ಮೆ ಸಂಸ್ಥೆಯವರೆಗೆ ಮಾತ್ರ. 2021ರ ಜನವರಿಯಿಂದ ಮೆಟ್ರೋ ರೈಲು ಅಲ್ಲಿಯವರೆಗೆ ಓಡುತ್ತಿದೆ. ನಿಮಿಷದ ಲೆಕ್ಕವಿಟ್ಟು ಬರುತ್ತದೆ, ನಿಮಿಷದ ಲೆಕ್ಕವಿಟ್ಟು ಮರಳುತ್ತದೆ. ಅಲ್ಲಿಂದ ಮುಂದೆ ಬಸ್ಸು ಹಿಡಿದವನಿಗೆ ಕಗ್ಗಲೀಪುರ, ಹಾರೋಹಳ್ಳಿಗಳನ್ನು ದಾಟುವಷ್ಟರಲ್ಲಿ ಬೇರೊಂದು ಕಾಲಮಾನದ ಪರಿಚಯವಾಗತೊಡಗುತ್ತದೆ. ಬಂಡೆಗಳ ನಡುವಿನ ಹೊಲಗಳು, ಹಿಪ್ಪುನೇರಳೆ ತೋಟಗಳು, ದೂರದಲ್ಲಿ ನೀಲಿಗಟ್ಟಿದ ಬೆಟ್ಟಗಳು. ಇಲ್ಲಿ ದಿನವನ್ನು ಅಳೆಯುವುದು ಗಂಟೆಯಿಂದಲ್ಲ. ಮಳೆಯ ನಕ್ಷತ್ರದಿಂದ, ಹುಳುವಿನ ಹಸಿವಿನಿಂದ, ಹೊಳೆಯ ಮಟ್ಟದಿಂದ.

ಆಷಾಢಮಾಸದ ಒಂದು ಮುಂಜಾನೆ ಈ ದಾರಿ ಹಿಡಿದ ದಂಪತಿಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಗಂಡನ ಜೇಬಿನಲ್ಲೊಂದು ಚೀಟಿ. ಒಂಬತ್ತು ಗಂಟೆಗೆ ಕಬ್ಬಾಳು, ಮಧ್ಯಾಹ್ನಕ್ಕೆ ಸಂಗಮ, ಎರಡು ಗಂಟೆಗೆ ಮೇಕೆದಾಟು, ದೀಪ ಹಚ್ಚುವ ಹೊತ್ತಿಗೆ ಮನೆ. ಹೆಂಡತಿಯ ಕೈಚೀಲದಲ್ಲಿ ಅರಿಶಿನ, ಕುಂಕುಮ, ಮಡಿಲಕ್ಕಿ. ಚೀಟಿಯಲ್ಲಿ ಬರೆಯದ ಇನ್ನೊಂದು ಯೋಜನೆಯೂ ಅವರೊಡನೆ ಪ್ರಯಾಣಮಾಡುತ್ತಿದೆ. ಮೂರು ವರ್ಷಗಳಿಂದ ಮಗಳ ಮದುವೆಯ ಮಾತು ಹತ್ತಿರ ಬಂದು ಬಂದು ತಪ್ಪಿಹೋಗುತ್ತಿದೆ. ನೆಂಟರಿಷ್ಟರು ಸಮಾಧಾನಕ್ಕೆಂದು ಹೇಳುವ ಮಾತೊಂದೇ: "ಕಂಕಣ ಕೂಡಿ ಬರಬೇಕು." ಎಷ್ಟು ಸಲ ಕೇಳಿದರೂ ಆ ಮಾತಿನಿಂದ ತಾಯಿಯ ನಿದ್ದೆ ಮರಳಿಲ್ಲ.

ಬಸ್ಸು ದಕ್ಷಿಣಕ್ಕೆ ಓಡುತ್ತಿರುವಾಗ ಅದೇ ದಾರಿಯಲ್ಲಿ ನೀರು ಉತ್ತರಕ್ಕೆ ಓಡುತ್ತಿರುತ್ತದೆ. ತೊರೆಕಾಡನಹಳ್ಳಿಯಲ್ಲಿ ಎತ್ತಿದ ಕಾವೇರಿಯ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು 500 ಮೀಟರು ಮೇಲಕ್ಕೇರಿಸಿ, ಕೊಳವೆಗಳ ಮೂಲಕ ರಾಜಧಾನಿಗೆ ಸಾಗಿಸುತ್ತಾರೆ. ಈ ಏರ್ಪಾಡಿನ ಮೊದಲ ಹಂತವು 1974ರಲ್ಲಿ ಆರಂಭವಾಯಿತು. ಆತುರವೆಂಬುದು ಯಾವಾಗಲೂ ದೋಷವಲ್ಲವೆಂಬುದಕ್ಕೆ ಈ ನೀರೇ ಸಾಕ್ಷಿ. ಬಾಯಾರಿದ ಊರಿಗೆ ತಾಳ್ಮೆಯ ಉಪದೇಶ ಮಾಡಿ ಫಲವಿಲ್ಲ. ಆದರೆ ಅದೇ ಸೀಮೆಯಲ್ಲಿ ಇನ್ನೊಂದು ನೀರೂ ಉಂಟು. ನಂದಿಬೆಟ್ಟದಲ್ಲಿ ಹುಟ್ಟಿ, ರಾಮನಗರವನ್ನು ಬಳಸಿ, ಕನಕಪುರದ ಮಗ್ಗುಲಲ್ಲಿ ಇಳಿದು, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿ. ಅದನ್ನು ಕಾವೇರಿಯವರೆಗೆ ಯಾರೂ ತಳ್ಳಿಕೊಂಡು ಹೋಗಬೇಕಾಗಿಲ್ಲ. ಇಳಿಜಾರು ಸಿಕ್ಕಾಗ ಹರಿಯುತ್ತದೆ, ಬಂಡೆ ಸಿಕ್ಕಾಗ ನಿಲ್ಲುತ್ತದೆ, ತುಂಬಿದಾಗ ದಾಟುತ್ತದೆ.

ಬೆಂಗಳೂರಿನಿಂದ ಸುಮಾರು 55 ಕಿಲೋಮೀಟರು ದೂರದಲ್ಲಿರುವ ಕನಕಪುರವು ಹಳಬರ ಬಾಯಲ್ಲಿ ಕಾನಕಾನಹಳ್ಳಿ. 2007ರಲ್ಲಿ ರಾಮನಗರ ಜಿಲ್ಲೆಯ ರಚನೆಯಾದಾಗ ಅದಕ್ಕೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಹೆಸರುಗಳು ಬದಲಾದರೂ ಪೇಟೆಯ ಚಹರೆ ಹೆಚ್ಚು ಬದಲಾಗಿಲ್ಲ. ರೇಷ್ಮೆಗೂಡಿನ ಮೂಟೆಗಳು, ರಾಗಿಯ ಚೀಲಗಳು, ಹಳ್ಳಿಯ ಬಸ್ಸಿಗಾಗಿ ಕಾದು ಕುಳಿತ ಜನ. ಕಾಯುವುದಕ್ಕೂ ಇಲ್ಲಿ ಒಂದು ಭಂಗಿಯಿದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಯಡಿಕೆಯನ್ನು ಬಿಚ್ಚಿಕೊಂಡು, ಪಕ್ಕದವರ ಊರು ಯಾವುದೆಂದು ವಿಚಾರಿಸುವ ಭಂಗಿ.

ಆತುರಪಟ್ಟು ಈ ದಾರಿಯಲ್ಲಿ ಬಂದವರಲ್ಲಿ ಮಹಾ ಬಲಶಾಲಿಗಳೂ ಇದ್ದರು. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದದ್ದು ಕಾನಕಾನಹಳ್ಳಿಯ ಮಾರ್ಗವಾಗಿಯೇ. ಶತ್ರುವಿಗೆ ಹಿಡಿ ಮೇವೂ ದಕ್ಕಬಾರದೆಂದು ಟಿಪ್ಪು ಸುಲ್ತಾನನು ದಾರಿಯ ಊರುಗಳನ್ನು ಬರಿದು ಮಾಡಿಸಿದ್ದನು. ಎತ್ತುಗಳು ಹಸಿವಿನಿಂದ ಬಿದ್ದು ಸತ್ತವು, ಮಳೆ ಹಿಡಿಯಿತು, ಕಾವೇರಿ ಏರಿತು. ಅರಕೆರೆಯವರೆಗೆ ಹೋಗಿ, ಮೇ 15ರ ಕಾಳಗದಲ್ಲಿ ಮೇಲುಗೈ ಪಡೆದರೂ, ಆ ದೊರೆಯು ಕೋಟೆಗೆ ಮುತ್ತಿಗೆ ಹಾಕಲಾರದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಅವನು ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತದ್ದು 1792ರ ಫೆಬ್ರವರಿಯಲ್ಲಿ. ಆ ಎಂಟೊಂಬತ್ತು ತಿಂಗಳುಗಳು ಅವನ ಪಾಲಿಗೆ ವಿಘ್ನ. ಕೋಟೆಯೊಳಗಿನ ತಾಯಂದಿರ ಪಾಲಿಗೆ ಅಭಯ. ಒಂದೇ ಮಳೆಯು ಎರಡು ಮನೆಗಳಲ್ಲಿ ಎರಡು ಅರ್ಥವಾಗುತ್ತದೆ. ತನ್ನ ಮನೆಯ ಬಾಗಿಲಿನಿಂದ ಮಾತ್ರ ನೋಡುವವನಿಗೆ ಇಡೀ ಆಕಾಶದ ಲೆಕ್ಕ ಸಿಗುವುದಾದರೂ ಹೇಗೆ?

ಕನಕಪುರದಿಂದ ಸಾತನೂರಿನ ಕಡೆಗೆ ಸಾಗಿದರೆ, ನೆಲದಿಂದ ಒಮ್ಮೆಗೇ ಎದ್ದು ನಿಂತಂತೆ ಕಬ್ಬಾಳದುರ್ಗದ ಬೆಟ್ಟ ಕಾಣುತ್ತದೆ. ಅದರ ಬುಡದ ಕಬ್ಬಾಳಿನಲ್ಲಿ ಕಬ್ಬಾಳಮ್ಮನ ಗುಡಿ. ಈ ತಾಯಿಯ ಸನ್ನಿಧಿಗೆ ಬರುವವರಲ್ಲಿ ಬರಿಯ ದರ್ಶನಕ್ಕೆ ಬರುವವರಿಗಿಂತ ಮನಸ್ಸಿನಲ್ಲೊಂದು ಗಂಟು ಕಟ್ಟಿಕೊಂಡು ಬರುವವರೇ ಹೆಚ್ಚು. ಮಕ್ಕಳಾಗದವರು, ಕೆಲಸ ಸಿಗದವರು, ಕೋರ್ಟಿನಲ್ಲಿ ವ್ಯಾಜ್ಯ ಮುಗಿಯದವರು, ಅಡಿಪಾಯಕ್ಕೇ ಮನೆ ನಿಂತುಹೋದವರು. ಹರಕೆಯ ಭಾಷೆಯನ್ನು ಗಮನಿಸಿದರೆ ಒಂದು ಸ್ವಾರಸ್ಯ ತಿಳಿಯುತ್ತದೆ. ಯಾರೂ ತಾಯಿಗೆ ದಿನಾಂಕ ಗೊತ್ತುಮಾಡಿ ಹೇಳುವುದಿಲ್ಲ. "ಆದಾಗ ಬರ್ತೀನಿ ಕಣವ್ವ" ಎನ್ನುತ್ತಾರೆ. 'ಆದರೆ' ಎಂಬ ಅನುಮಾನಕ್ಕಿಂತ 'ಆದಾಗ' ಎಂಬ ನಂಬಿಕೆಗೆ ನಾಲಗೆ ಒಗ್ಗಿಹೋಗಿದೆ.

ಮಡಿಲಕ್ಕಿಯನ್ನು ಒಪ್ಪಿಸಿ ಹೊರಬಂದ ಹೆಂಡತಿಯು ಬೆಟ್ಟದ ಕಡೆ ನೋಡುತ್ತ ನಿಲ್ಲುತ್ತಾಳೆ. ಅವಳ ಕಣ್ಣಿಗೆ ಸುಂದರವಾಗಿ ಕಾಣುವ ಆ ಶಿಖರಕ್ಕೆ ಕಹಿಯಾದ ಕಥೆಯೊಂದುಂಟು. ಮೈಸೂರಿನ ಅರಸರ ಕಾಲದಲ್ಲಿ ಅದು ಸೆರೆಮನೆಯಾಗಿತ್ತು. 1732ರಲ್ಲಿ ಪಟ್ಟವೇರಿದ ಏಳನೆಯ ಚಾಮರಾಜ ಒಡೆಯರನ್ನು ದಳವಾಯಿಗಳು 1734ರಲ್ಲಿ ಪದಚ್ಯುತಗೊಳಿಸಿ ಇಲ್ಲಿಗೇ ಕಳುಹಿಸಿದರು. ಸಿಂಹಾಸನದ ಮೇಲೆ ಕುಳಿತಿದ್ದವರು ಈ ಬಂಡೆಯ ಮೇಲೆ ಬಿಡುಗಡೆಯನ್ನು ನಿರೀಕ್ಷಿಸಿದರು. ಬಿಡುಗಡೆ ಬರಲಿಲ್ಲ, ಸಾವು ಬಂದಿತು. ಅವರೂ ದೇವರನ್ನು ಪ್ರಾರ್ಥಿಸಿರಲಾರರೇ? ಬೆಟ್ಟದ ಬುಡದಲ್ಲಿ ತಾಯಿಯ ಗುಡಿ, ನೆತ್ತಿಯಲ್ಲಿ ಕೈಗೂಡದ ನಿರೀಕ್ಷೆಯ ನೆನಪು.

ದೇವರ ಕಾಲವನ್ನು ಕುರಿತು ಮಾತನಾಡುವವರು ಈ ನೆತ್ತಿಯನ್ನು ನೋಡದೆ ಮುಂದೆ ಹೋಗುವುದು ನ್ಯಾಯವಲ್ಲ. ಕಾದವರಿಗೆಲ್ಲ ಕೇಳಿದ್ದು ಸಿಗುತ್ತದೆಂಬ ಮಾತು ಸತ್ಯವಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಮಳೆಗಾಗಿ ಮುಗಿಲು ನೋಡುತ್ತಲೇ ಕಣ್ಣುಮುಚ್ಚಿದರು. ಅವರ ನಂಬಿಕೆ ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ನಂಬಿಕೆಯು ದೇವರೊಡನೆ ಮಾಡಿಕೊಂಡ ಬಾಡಿಗೆಯ ಕರಾರಲ್ಲ. ಕೇಳಿದ್ದು ಬಂದರೂ ಬಾರದಿದ್ದರೂ ತಾನು ಅನಾಥನಲ್ಲವೆಂಬ ಒಳ ಅರಿವಷ್ಟೇ ಅದು. ಬೆಟ್ಟವನ್ನು ನೋಡುತ್ತ ಆ ತಾಯಿಯ ಮನಸ್ಸಿನಲ್ಲಿ ಇಷ್ಟೆಲ್ಲ ಹಾದುಹೋಗಿರಲಾರದು. ಆದರೆ "ಆದಾಗ ಬರ್ತೀನಿ" ಎಂದು ಅವಳೂ ಹೇಳಿ ಬಂದಿದ್ದಾಳೆ. ಮಾತಿನ ಭಾರ ಒಂದಿಷ್ಟು ಇಳಿದಿದೆ.

ಈ ಬೆಟ್ಟದ ಕಲ್ಲು ಕೂಡ ಕಾಲದ ವಿಷಯದಲ್ಲಿ ಮಾತನಾಡಬಲ್ಲದು. ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಬೂದುಬಣ್ಣದ ಶಿಲೆಯ ನಡುವೆ ಅಲ್ಲಲ್ಲಿ ಮಸಿ ಚೆಲ್ಲಿದಂತೆ ಕಪ್ಪು ಪಟ್ಟೆಗಳು ಕಾಣುತ್ತವೆ. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಇವನ್ನು ಲೋಕಕ್ಕೆ ಪರಿಚಯಿಸಿದರು. ಭೂಮಿಯ ಆಳದಲ್ಲಿ ಒಂದು ಬಗೆಯ ಕಲ್ಲು ಚಾರ್ನೋಕೈಟ್ ಎಂಬ ಇನ್ನೊಂದು ಬಗೆಯ ಕಲ್ಲಾಗಿ ಮಾರ್ಪಡುತ್ತಿರುವಾಗಲೇ, ಅರ್ಧ ದಾರಿಯಲ್ಲಿ, ಆ ಮಾರ್ಪಾಡು ನಿಂತುಹೋದ ಗುರುತು ಅದು. ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಅಂದಿನಿಂದ ಆ ಕಲ್ಲು ಅರ್ಧಕ್ಕೇ ನಿಂತಿದೆ. ಅರ್ಧಕ್ಕೆ ನಿಂತದ್ದರಿಂದಲೇ ವಿದ್ವಾಂಸರಿಗೆ ಪೂರ್ಣವಾದ ಕಲ್ಲಿನ ರಹಸ್ಯ ತಿಳಿಯಿತು. ದೇಶವಿದೇಶಗಳ ಪಂಡಿತರು ಈ ಹಳ್ಳಿಯನ್ನು ಹುಡುಕಿಕೊಂಡು ಬರುವುದು ಮುಗಿಯದೆ ಉಳಿದ ಆ ಕೆಲಸವನ್ನು ನೋಡುವುದಕ್ಕೆ.

ಒಂಬತ್ತಕ್ಕೆ ಮುಗಿಯಬೇಕಾಗಿದ್ದ ದರ್ಶನವು ಮುಗಿದಾಗ ಹನ್ನೊಂದು. ಗಂಡನು ಚೀಟಿಯನ್ನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟುಕೊಳ್ಳುತ್ತಾನೆ. ಸಾತನೂರಿನ ಆಚೆ ಮಳೆಯ ಒಂದು ಅಡ್ಡೆ ಬಂದು ಹೋಗುತ್ತದೆ. ರಸ್ತೆಯ ಬದಿಯ ರೇಷ್ಮೆ ಮನೆಯೊಂದರ ಜಗಲಿ ಅವರಿಗೆ ಆಶ್ರಯ ಕೊಡುತ್ತದೆ.

ರೇಷ್ಮೆ ಮನೆಯೆಂದರೆ ಹಸುಗೂಸಿರುವ ಮನೆ. ಒಳಗೆ ಹೊಗೆ ಕೂಡದು, ಗಾಟು ವಾಸನೆ ಕೂಡದು. ಮೊಟ್ಟೆಯೊಡೆದು ಬರುವ ಹುಳು ತೀರ ಚಿಕ್ಕದು. ಇಪ್ಪತ್ತೈದು ಇಪ್ಪತ್ತಾರು ದಿನಗಳಲ್ಲಿ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವ ಆ ಹೊತ್ತನ್ನು ರೈತರು 'ಜ್ವರ' ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿಕೊಂಡು, ಪ್ರಾರ್ಥನೆಗೆ ನಿಂತಂತೆ, ಅಲುಗಾಡದೆ ಇರುತ್ತದೆ. ತಟ್ಟೆಗೆ ತಟ್ಟೆಯೇ ನಿಶ್ಶಬ್ದ. ಹೊಸಬರಿಗೆ ಹುಳುಗಳೆಲ್ಲ ಸಾಯುತ್ತಿವೆಯೇ ಎಂದು ಗಾಬರಿ.

ಪಟ್ಟಣದ ಹೆಂಗಸಿಗೂ ಹಾಗೆಯೇ ಅನ್ನಿಸುತ್ತದೆ. "ಸೊಪ್ಪು ಹಾಕಬಾರದೇನಮ್ಮ? ಹಸಿದಿರಬೇಕು" ಎನ್ನುತ್ತಾಳೆ.

ಮನೆಯಾಕೆ ನಗುತ್ತಾಳೆ. "ಬ್ಯಾಡ ಕಣಕ್ಕ, ಜ್ವರಕ್ಕೆ ಕೂತವೆ. ಈಗ ಸೊಪ್ಪು ಹಾಕಿದ್ರೆ ಕೆಟ್ಟೋಯ್ತವೆ. ಎದ್ದ ಮ್ಯಾಲೆ ಅವೇ ಬಾಯಿ ಎತ್ತಿ ಕೇಳ್ತವೆ, ನೋಡು."

ಅವಳ ಮಾತಿನಲ್ಲಿ ವೇದಾಂತವಿಲ್ಲ, ಕಸುಬಿನ ಲೆಕ್ಕವಿದೆ. ಎಲ್ಲ ಹುಳುಗಳೂ ಜ್ವರ ಬಿಟ್ಟು ಏಳುವ ಮೊದಲೇ ಸೊಪ್ಪು ಕೊಟ್ಟರೆ, ಮೊದಲು ಎದ್ದವು ತಿಂದು ಬೆಳೆಯುತ್ತವೆ, ಹಿಂದೆ ಉಳಿದವು ಬಡವಾಗುತ್ತವೆ. ಇಡೀ ಬೆಳೆ ಏರುಪೇರಾಗಿ ರೋಗಕ್ಕೆ ಹಾದಿಯಾಗುತ್ತದೆ. ಕೊನೆಯಲ್ಲಿಯೂ ಇದೇ ನಿಯಮ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಅದು ಎರಡು ಮೂರು ದಿನ ನೂಲು ಸುತ್ತುತ್ತದೆ. ಗೂಡು ಹೊರಗಿನಿಂದ ಪೂರ್ಣವಾದಂತೆ ಕಂಡರೂ ಒಳಗಿನ ಜೀವ ಇನ್ನೂ ಎಳಸು. ಐದಾರು ದಿನ ತುಂಬುವ ಮೊದಲೇ ಬಿಡಿಸಿದರೆ ಒಳಗಿನ ಕೋಶ ಒಡೆದು ಗೂಡಿಗೆ ಕಲೆ ಹತ್ತುತ್ತದೆ. ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಸಾಲಗಾರ ಬಾಗಿಲಲ್ಲಿ ನಿಂತಿದ್ದರೂ, ಮನೆಯಲ್ಲಿ ಮದುವೆ ಗೊತ್ತಾಗಿದ್ದರೂ, ಗೂಡು ತನ್ನ ದಿನವನ್ನು ಬಿಟ್ಟುಕೊಡುವುದಿಲ್ಲ.

ಹಾಗೆಂದು ಆ ಮನೆಯಾಕೆ ಕೈಕಟ್ಟಿ ಕುಳಿತಿಲ್ಲ. ಜ್ವರದ ಹೊತ್ತಿನಲ್ಲಿ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸಬೇಕು, ಗಾಳಿಯಾಡುವಂತೆ ನೋಡಿಕೊಳ್ಳಬೇಕು, ಇರುವೆ ಹತ್ತದಂತೆ ಕಾಯಬೇಕು. ಏಳುವ ಹುಳುವಿಗೆ ಬೇಕಾದ ಸೊಪ್ಪು ತೋಟದಲ್ಲಿ ಸಿದ್ಧವಿರಬೇಕು. ಹಿತ್ತಲಾಚೆಯ ಹೊಲದಲ್ಲಿ ಅವಳ ಗಂಡನೂ ಸುಮ್ಮನಿಲ್ಲ. ಪುನರ್ವಸು ಮಳೆ ಬಂದೀತೆಂದು ಹೊಲವನ್ನು ಉತ್ತು ಹದಮಾಡಿ, ರಾಗಿಯ ಬೀಜವನ್ನು ಜೋಪಾನವಾಗಿಟ್ಟಿದ್ದಾನೆ. ಪುನರ್ವಸು ತಪ್ಪಿದರೆ ಪುಷ್ಯ. ಪುಷ್ಯವೂ ಕೈಕೊಟ್ಟರೆ ತಡವಾಗಿ ಬಿತ್ತುವ ತಳಿ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನಗಳು. ಮಳೆ ದೇವರದು, ಉಳುಮೆ ತನ್ನದು. ಉಳದ ಹೊಲಕ್ಕೆ ಮಳೆ ಬಂದರೂ ಬಾರದಿದ್ದರೂ ಒಂದೇ. ಕಾಯುವುದೆಂದರೆ ಏನೆಂಬುದನ್ನು ಈ ಎರಡು ಕೆಲಸಗಳಿಗಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಮಳೆ ನಿಲ್ಲುತ್ತದೆ. ಕಾಡಿನ ದಾರಿ ಇಳಿಯುತ್ತ ಇಳಿಯುತ್ತ ಸಂಗಮಕ್ಕೆ ಮುಟ್ಟುತ್ತದೆ. ಸುತ್ತಲೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮ. ದಡದುದ್ದಕ್ಕೂ ಬಿಳಿಯ ಕಾಂಡದ ಹೊಳೆಮತ್ತಿಯ ಮರಗಳು. ಎರಡು ಹೊಳೆಗಳು ಕೂಡುವಲ್ಲಿ ಸಂಗಮೇಶ್ವರನ ಗುಡಿ. ಇಲ್ಲಿಂದ ಅರ್ಕಾವತಿಯನ್ನು ದಾಟಿ ಸುಮಾರು 4 ಕಿಲೋಮೀಟರು ಹೋದರೆ ಮೇಕೆದಾಟು. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ನೆಗೆಯಿತಂತೆ, ಆ ಮೇಕೆ ಸಾಕ್ಷಾತ್ ಶಿವನೇ ಅಂತೆ ಎಂದು ಜನರ ನಂಬಿಕೆ. ವಿಸ್ತಾರವಾಗಿ ಹರಿಯುವ ಕಾವೇರಿಯು ಅಲ್ಲಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ತಿರುಗಿ ತಿರುಗಿ ಕೊರೆದ ಒರಳಿನಂಥ ಗುಣಿಗಳು ಅಲ್ಲಿನ ಬಂಡೆಯಲ್ಲಿವೆ. ಒಂದೊಂದು ಗುಣಿಗೂ ಎಷ್ಟು ಸಾವಿರ ಮಳೆಗಾಲಗಳು ಬೇಕಾದವೋ!

ಬೇಸಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಡೆದು ದಾಟುವ ಈ ಹೊಳೆಯು ಆಷಾಢದಲ್ಲಿ ಬೇರೆಯೇ ಆಗಿರುತ್ತದೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಕಾವೇರಿಯು ಕೆಂಪಾಗಿ ಏರಿ ಅರ್ಕಾವತಿಯನ್ನೂ ಹಿಂದಕ್ಕೆ ಒತ್ತುತ್ತದೆ. ಆಗ ಹರಿಗೋಲುಗಳನ್ನು ದಡದ ಮೇಲೆ ಮಗುಚಿ ಹಾಕಿರುತ್ತಾರೆ. ಆ ದಿನವೂ ಹಾಗೆಯೇ.

ಗಂಡನು ಹರಿಗೋಲಿನವನ ಬಳಿಗೆ ಹೋಗಿ ವಿನಯದಿಂದ ಕೇಳುತ್ತಾನೆ, ಆಮೇಲೆ ಹೆಚ್ಚು ಹಣ ಕೊಡುವುದಾಗಿಯೂ ಹೇಳುತ್ತಾನೆ. ಮುದುಕ ತಲೆಯಾಡಿಸುತ್ತಾನೆ.

"ಇವತ್ತು ಬ್ಯಾಡಿ ಸ್ವಾಮಿ. ತಾಯಿ ಮೈದುಂಬವ್ಳೆ. ಅವಳೇ ದಾರಿ ಬಿಟ್ಟಾಗ ಹೋಗೀರಂತೆ."

ಈ ಮಾತನ್ನು ತಳ್ಳಿಹಾಕಿದವರ ಕಥೆಗಳು ಸಂಗಮದಲ್ಲಿಯೂ ಮೇಕೆದಾಟಿನಲ್ಲಿಯೂ ಅನೇಕ. ನೀರಿಗಿಳಿಯಬೇಡಿರೆಂಬ ಫಲಕದ ಪಕ್ಕದಲ್ಲಿಯೇ ಇಳಿದು, ಒಂದು ಗಳಿಗೆಯ ಆತುರಕ್ಕೆ ಮನೆಯವರನ್ನು ಜನ್ಮವಿಡೀ ಅಳುವಂತೆ ಮಾಡಿದವರಿದ್ದಾರೆ. ಹೊಳೆಯ ಬೇಡವೆಂಬ ಮಾತು ಶಾಪವಲ್ಲ. ತುಂಬಿದ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವನು ಅದನ್ನು ರಕ್ಷೆಯೆಂದೇ ಬಲ್ಲನು.

ದಂಪತಿಗಳು ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಾರೆ. ಅರ್ಕಾವತಿಯ ನೀರಿನ ಅಂಚಿನಲ್ಲಿ ಒಂದಿಷ್ಟು ನೊರೆ, ಅದರಲ್ಲಿ ಸಿಕ್ಕಿದ ಪ್ಲಾಸ್ಟಿಕ್ಕಿನ ಚೂರುಗಳು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಕನಕಪುರದ ಸಮೀಪದಲ್ಲಿ ಈ ಹೊಳೆಗೆ ಕೂಡುತ್ತದೆ. ಇಲ್ಲಿ ಒಂದು ವಿವೇಕ ಅಗತ್ಯ. ಮಳೆಯ ತಡ, ಹುಳುವಿನ ತಡ, ಪ್ರವಾಹ ಇಳಿಯುವ ತಡ, ಇವು ದೇವರ ಲೆಕ್ಕದವು. ಹೊಳೆಯನ್ನು ಶುದ್ಧಿಮಾಡುವುದರಲ್ಲಿ ಆಗುವ ತಡವು ಮನುಷ್ಯರ ಲೆಕ್ಕದ್ದು. ಕನಕಪುರದ ಮೂಲಕ ಸತ್ಯಮಂಗಲಕ್ಕೆ ಹೋಗಬೇಕಾದ ರೈಲುಮಾರ್ಗದ ಮಾತು 1990ರ ದಶಕದಿಂದ ಕೇಳಿಬರುತ್ತಿದೆ. ಪಟ್ಟಣಕ್ಕೆ ಇನ್ನೂ ರೈಲು ಬಂದಿಲ್ಲ. ಇಂಥವುಗಳಿಗೆಲ್ಲ "ದೇವರಿಚ್ಛೆ" ಎಂದು ಕೈಮುಗಿಯುವುದು ದೇವರ ತಲೆಗೆ ಮನುಷ್ಯನ ಆಲಸ್ಯವನ್ನು ಕಟ್ಟಿದಂತೆ. ಎಲ್ಲಿ ತಾಳಬೇಕು, ಎಲ್ಲಿ ತಾಳಬಾರದು ಎಂಬುದನ್ನು ತಿಳಿದವನ ತಾಳ್ಮೆಗೆ ಮಾತ್ರ ಬೆಲೆ. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕದಿರುವುದು ತಾಳ್ಮೆ. ಎದ್ದು ಬಾಯಿ ತೆರೆದ ಹುಳುವಿಗೆ ಸೊಪ್ಪು ತಾರದಿರುವುದು ಪಾಪ.

ಹೊತ್ತು ಮೂರಾಗುತ್ತದೆ. ಚೀಟಿಯ ಎರಡು ಸಾಲುಗಳು ಹಾಗೆಯೇ ಉಳಿದಿವೆ. ಗಂಡನು ಅದನ್ನು ಮತ್ತೆ ತೆಗೆಯುವುದಿಲ್ಲ. ಹೆಂಡತಿಯು ಬುತ್ತಿಯ ಗಂಟನ್ನು ಬಿಚ್ಚುತ್ತಾಳೆ. ಎಷ್ಟೋ ದಿನಗಳ ಮೇಲೆ ಇಬ್ಬರೂ ಅವಸರವಿಲ್ಲದೆ ಊಟಮಾಡುತ್ತಾರೆ; ಮಗಳ ಮಾತು ಬರುತ್ತದೆ. ಮದುವೆಯ ಮಾತಲ್ಲ. ಅವಳು ಚಿಕ್ಕವಳಿದ್ದಾಗ ಕೆರೆಯಲ್ಲಿ ಚಪ್ಪಲಿ ತೇಲಿಬಿಟ್ಟು ಬಂದ ಮಾತು, ಈಗ ದುಡಿದು ತಂದ ಮೊದಲ ಸಂಬಳದಲ್ಲಿ ತಂದೆಗೆ ಕನ್ನಡಕ ಕೊಡಿಸಿದ ಮಾತು. ಮೂರು ವರ್ಷಗಳಿಂದ ಗಂಡಿನ ಜಾತಕಗಳ ನಡುವೆ ಆ ಹುಡುಗಿಯನ್ನೇ ಅವರು ನೋಡದೆ ಹೋಗಿದ್ದರು.

"ರೀ, ಇವತ್ತು ಹೊಳೆ ದಾಟಿಸಿಬಿಟ್ಟಿದ್ದರೆ ಇಷ್ಟು ಹೊತ್ತು ಹೀಗೆ ಕೂತಿರುತ್ತಿದ್ದೆವೇ?" ಎನ್ನುತ್ತಾಳೆ ಹೆಂಡತಿ.

ಗಂಡನು ಉತ್ತರ ಕೊಡುವುದಿಲ್ಲ. ತುತ್ತನ್ನು ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತಾನೆ.

ಅವರು ಹೊರಟಾಗ ಮುದುಕನು ಮಗುಚಿದ ಹರಿಗೋಲಿನ ಸಡಿಲವಾದ ಕಟ್ಟೊಂದನ್ನು ಬಿಗಿಮಾಡುತ್ತಿದ್ದಾನೆ. ಹೊಳೆ ಇಳಿಯುವ ದಿನ ಅವನಿಗೂ ತಿಳಿಯದು. ಆದರೆ ಅಂದು ಹರಿಗೋಲು ಸೋರಬಾರದು.

"ಯಾವಾಗ ಬರೋಣ?" ಎಂದು ಗಂಡನು ಕೇಳುತ್ತಾನೆ.

"ನೀರು ಇಳೀಲಿ, ಬನ್ನಿ ಸ್ವಾಮಿ. ನಾನಿಲ್ಲೇ ಇರ್ತೀನಿ."

ಬಸ್ಸು ಕಾಡಿನ ಏರನ್ನು ಹತ್ತುತ್ತದೆ. ಹಿಂದೆ, ಮರಗಳ ಸಂದಿನಲ್ಲಿ, ಎರಡು ಹೊಳೆಗಳು ಒಂದಾಗಿ ಸಮುದ್ರದ ಕಡೆಗೆ ಸಾಗುತ್ತಿವೆ. ಒಂದು ತಲಕಾವೇರಿಯಿಂದ ಬಂದದ್ದು, ಇನ್ನೊಂದು ನಂದಿಯಿಂದ ಬಂದದ್ದು. ಒಂದಕ್ಕೊಂದು ಹೇಳಿಕಳುಹಿಸದಿದ್ದರೂ ಸಂಗಮದಲ್ಲಿ ಎರಡೂ ತಪ್ಪದೆ ಸಂಧಿಸಿವೆ.